ಏಣಿಯ ಇನ್ನೊಂದು ತುದಿ

ಜೂನ್ 4

ಅಣ್ಣನಿಗೆ,

ಫೋನ್ ಮಾಡುವುದು ಬಿಟ್ಟು ಇವಳೇಕೆ ಪತ್ರ ಬರೆಯುತ್ತಿದ್ದಾಳೆ ಎಂದು ಗಾಬರಿಯಾಗಬೇಡ. ಎಲ್ಲ ಸರಿಯಾಗಿದೆ. ಫೋನಿನಲ್ಲಿ ನಮ್ಮಿಬ್ಬರ ಕಥೆ ನಿನಗೆ ಗೊತ್ತಲ್ಲ. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರೂ ಒಬ್ಬರ ಮನೆಯ ಫ್ಯಾನಿನ ಸದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. ಮೇಲ್‌ನಲ್ಲಾದರೆ ನನ್ನ ಬಾಯಿಗೆ ಬೀಗವಿಲ್ಲ.

ವಿಷಯ ಇಷ್ಟೇ. ನನ್ನ ಗೇಮ್ ಮುಗಿಯಿತು! "ಇನ್ನೂ ಅದನ್ನೇ ಮಾಡ್ತಾ ಕೂತಿದೀಯಾ?" ಎಂದು ನೀನು ಪ್ರತಿ ವರ್ಷ ಕೇಳುತ್ತಿದ್ದೆಯಲ್ಲ, ಅದೇ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುತ್ತಾ, ಬೀಳದ ಹಾಗೆ ಮೇಲೇರುವ ಆಟ. ನನ್ನದರಲ್ಲಿ ಒಂದು ಮಗು ಇದೆ, ಮೊಣಕಾಲು ಮುಚ್ಚುವಷ್ಟು ದೊಡ್ಡ ಅಂಗಿ ಹಾಕಿಕೊಂಡಿದೆ. ಅದರ ಹತ್ತಿರ ಒಂದು ಏಣಿ. ಹಳ್ಳ ಬಂದರೆ ಏಣಿಯನ್ನು ಅಡ್ಡ ಹಾಕಬೇಕು, ಗೋಡೆ ಬಂದರೆ ಒರಗಿಸಬೇಕು, ದಾಟಿದ ಮೇಲೆ ಅದನ್ನು ಎಳೆದುಕೊಂಡು ಮುಂದೆ ಹೋಗಬೇಕು. ಅಪ್ಪನ ಏಣಿಯೇ ಎಂದು ನಿನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೆಳಗಿನಿಂದ ಮೂರನೆಯ ಮೆಟ್ಟಿಲಿಗೆ ಹಗ್ಗ ಸುತ್ತಿದ್ದೇನೆ.

ಈಗ ಸ್ಟೋರ್‌ಗೆ ಕವರ್ ಚಿತ್ರ ಬೇಕು. ಜನ ಬೆರಳಿನಿಂದ ತಳ್ಳುತ್ತಾ ಹೋಗುವಾಗ ಅಂಚೆಚೀಟಿಯಷ್ಟು ಕಾಣುವ ಚಿತ್ರ. ಅದನ್ನು ನೋಡಿ ಬೆರಳು ನಿಂತರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಗೇಮುಗಳ ಸಾಲಿನಲ್ಲಿ ಸ್ವಲ್ಪ ದಿನ ಇಡುತ್ತಾರೆ, ಯಾರೂ ನಿಲ್ಲದಿದ್ದರೆ ಅದು ತಳಕ್ಕೆ ಜಾರಿಹೋಗುತ್ತದೆ. ಆಮೇಲೆ ನಾನು ಇಷ್ಟು ವರ್ಷ ಏನು ಮಾಡಿದೆ ಎಂದು ಕೇಳುವವರೂ ಇರುವುದಿಲ್ಲ. ನಾನೇ ಒಂದು ಚಿತ್ರ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ನೋಡಿ ನಗಬೇಡ.

ನೀನು ಬರೆದುಕೊಡು. ಒಂದೇ ಷರತ್ತು: ಬರೆಯುವ ಮೊದಲು ಆಟವನ್ನು ಕೊನೆಯವರೆಗೆ ಆಡಬೇಕು. ಕೊನೆಯವರೆಗೆ.

ಮನೆಯ ಸುದ್ದಿಯನ್ನೂ ಬರೆ. ಏನಿದ್ದರೂ ಬರೆ.

ನಿನ್ನ ತಂಗಿ

*

ಜೂನ್ 9

ಪ್ರೀತಿಯ ಮೊಳೆ,

ನಗಬೇಡ ಅಂದೆ. ಪ್ರಯತ್ನಪಟ್ಟೆ, ಆಗಲಿಲ್ಲ. ನೀನು ಬರೆದಿರುವುದು ಕವರ್ ಅಲ್ಲ ತಾಯಿ, ಶಾಲೆಯ ಗ್ರೂಪ್ ಫೋಟೋ. ಮಗು, ಏಣಿ, ಚಂದ್ರ, ಹನ್ನೊಂದು ಕಟ್ಟೆ, ಕಾಗೆ, ನೀರಿನ ಟ್ಯಾಂಕು, ಮೋಡ. ಯಾರನ್ನು ಬಿಟ್ಟರೆ ಯಾರಿಗೆ ಬೇಜಾರೋ ಎಂದು ಎಲ್ಲರನ್ನೂ ಕರೆದು ಕೂರಿಸಿದ್ದೀಯ. ಮೇಲೆ ಹೆಸರು: "ಮೇಲಕ್ಕೆ ಹೋದವರ ಕಟ್ಟೆಗಳು". ಅಂಚೆಚೀಟಿಯಷ್ಟು ಮಾಡಿ ನೋಡಿದೆ. ಹೆಸರಿದ್ದ ಜಾಗದಲ್ಲಿ ಇರುವೆ ಸಾಲು ಹೊರಟಿದೆ. "ಏಣಿ" ಎಂದು ಇಡು. ಎರಡೇ ಅಕ್ಷರ, ದಪ್ಪಗೆ ಬರೆಯಬಹುದು.

ನನ್ನ ಕೆಲಸದ ರೀತಿ ಹೇಳುತ್ತೇನೆ ಕೇಳು. ಅಪ್ಪ ಗೋಡೆಗೆ ಬಳಿಯುತ್ತಿದ್ದ ಬಣ್ಣವನ್ನು ನಾನು ಬೆಂಕಿಪೊಟ್ಟಣಕ್ಕೂ ಸೋಪಿನ ಡಬ್ಬಿಗೂ ಬಳಿದುಕೊಂಡು ಬದುಕಿದವನು, ಹಾಗಾಗಿ ಸಣ್ಣ ಚಿತ್ರದ ವಿಷಯದಲ್ಲಿ ನನ್ನ ಮಾತು ನಂಬು. ಅಂಗಡಿಯ ಕಪಾಟಿನಲ್ಲಿ ನಮ್ಮ ಡಬ್ಬಿ ಒಂದೇ ಇರುವುದಿಲ್ಲ, ಅಕ್ಕಪಕ್ಕ ಇಪ್ಪತ್ತು ಇರುತ್ತವೆ. ಸ್ಟೋರ್ ಕೂಡ ಕಪಾಟೇ. ಮೊದಲು ಅಕ್ಕಪಕ್ಕದವರನ್ನು ನೋಡಿದೆ. ಎಲ್ಲ ಕತ್ತಲು ಕತ್ತಲು, ಕಡುನೀಲಿ, ನೇರಳೆ. ಆದ್ದರಿಂದ ನಮ್ಮದು ಬಿಸಿಲಿನ ಹಳದಿ. ಮಧ್ಯೆ ಒಂದೇ ಒಂದು ಆಕೃತಿ.

ಆಮೇಲೆ ಪರೀಕ್ಷೆ. ಚಿತ್ರವನ್ನು ಚಿಕ್ಕದಾಗಿ ಪ್ರಿಂಟ್ ತೆಗೆದು, ಅಕ್ಕಪಕ್ಕದವುಗಳ ಜೊತೆ ಗೋಡೆಗೆ ಅಂಟಿಸಿ, ಬೇರೆಯವರನ್ನು ಕರೆದು ಒಂದು ಕ್ಷಣ ತೋರಿಸಿ ಮುಚ್ಚಿಬಿಡಬೇಕು. "ಏನ್ ಕಾಣಿಸ್ತು?" ಎಂದು ಕೇಳಬೇಕು. ಬರೆದವನು ತನ್ನ ಚಿತ್ರವನ್ನು ತಾನೇ ನೋಡಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ, ಅವನಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ನಿನ್ನ ಅತ್ತಿಗೆಯದು. ನಿನ್ನ ಗ್ರೂಪ್ ಫೋಟೋ ತೋರಿಸಿದೆ. "ಸಂತೆ ಇದ್ದ ಹಾಗಿದೆ" ಅಂದಳು.

ಆಟ ಆಡಿದೆ. ಚೆನ್ನಾಗಿದೆ.

ಮನೆಯಲ್ಲಿ ವಿಶೇಷವೇನಿಲ್ಲ. ಎಲ್ಲ ಹಾಗೇ ಇದೆ.

ಅಣ್ಣ

*

ಜೂನ್ 12

ಅಣ್ಣನಿಗೆ,

ಸಂತೆ ಎಂದರೆ ಸಂತೆಯೇ ಸರಿ, ಒಪ್ಪಿಕೊಂಡೆ. ಹೆಸರೂ "ಏಣಿ" ಎಂದೇ ಇಟ್ಟೆ. ಕಾಗೆಯನ್ನು ಬಿಡಲು ಮಾತ್ರ ಸಂಕಟವಾಯಿತು, ಅದರ ರೆಕ್ಕೆಗೆ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಬಿಸಿಲಿನ ಹಳದಿ ಅಂದದ್ದು ಓದಿ ಖುಷಿಯಾಯಿತು. ನನ್ನ ರೂಮಿಗೆ ಬಿಸಿಲು ಬರುವುದಿಲ್ಲ. ಕೆಳಗೆ ಲಾಂಡ್ರಿ, ಅದರ ಹಬೆ ಕಿಟಕಿಗೆ ಬಡಿಯುತ್ತಿರುತ್ತದೆ. ಬೆಳಿಗ್ಗೆ ಔಷಧದ ಗೋದಾಮಿಗೆ ಹೋಗಿ ಬಂದ ಸರಕನ್ನು ಕಂಪ್ಯೂಟರಿಗೆ ಏರಿಸುತ್ತೇನೆ, ಮಧ್ಯಾಹ್ನ ಬಂದು ಇಲ್ಲಿ ಕೂರುತ್ತೇನೆ. ಚೆನ್ನಾಗಿದ್ದೇನೆ.

ಆಟ ಚೆನ್ನಾಗಿದೆ ಅಂದೆ. ಕೊನೆಯವರೆಗೂ ಆಡಿದೆಯಾ? ಕೊನೆಯ ಕಟ್ಟೆಯಲ್ಲಿ ಏನನ್ನಿಸಿತು? ಅದನ್ನು ಬರೆಯಲೇ ಇಲ್ಲವಲ್ಲ.

ತಂಗಿ

*

ಜೂನ್ 20

ಪ್ರೀತಿಯ ಮೊಳೆ,

ಮೂರು ಕರಡು ಕಳಿಸಿದ್ದೇನೆ. ಮೊದಲನೆಯದರಲ್ಲಿ ಹುಡುಗಿ ಏಣಿಯನ್ನು ಹೆಗಲ ಮೇಲೆ ನೆಟ್ಟಗೆ ಹೊತ್ತಿದ್ದಾಳೆ. ದೊಡ್ಡದಾಗಿ ನೋಡಿದರೆ ಅದ್ಭುತ. ಚಿಕ್ಕದು ಮಾಡಿದರೆ ಹುಡುಗಿ ಹೆಗಲ ಮೇಲೆ ಬಾಚಣಿಗೆ ಇಟ್ಟುಕೊಂಡು ತಲೆ ಬಾಚಲು ಹೊರಟ ಹಾಗಿದೆ. ನಿನ್ನ ಅತ್ತಿಗೆಗೆ ತೋರಿಸಿದೆ. "ಯಾವ ಎಣ್ಣೆ ಜಾಹೀರಾತು?" ಅಂದಳು. ತೆಗೆದು ಬಿಸಾಕಿದೆ.

ಎರಡನೆಯದರಲ್ಲಿ ಏಣಿ ತೀರಾ ಸಣ್ಣದಾಯಿತು, ನೀನೇ ನೋಡು. ಮೂರನೆಯದು ನನಗೆ ಇಷ್ಟವಾದದ್ದು. ಹುಡುಗಿ ಹತ್ತಿರದಿಂದ, ದೊಡ್ಡದಾಗಿ, ಮುಖ ಪೂರ್ತಿ ಕಾಣುವ ಹಾಗೆ. ಏಣಿಯ ಒಂದು ತುದಿ ಕೈಯಲ್ಲಿದೆ, ಇನ್ನೊಂದು ತುದಿ ಚಿತ್ರದ ಅಂಚಿನಾಚೆ ಹೋಗಿದೆ. ಕಣ್ಣು ಸೀದಾ ಮುಖಕ್ಕೆ ಹೋಗುತ್ತದೆ, ಮುಖ ಕಂಡರೆ ಬೆರಳು ನಿಲ್ಲುತ್ತದೆ. ನಿನ್ನ ಅತ್ತಿಗೆಯೂ ಇದನ್ನೇ ಆರಿಸಿದಳು.

ಕೊನೆಯ ಕಟ್ಟೆ ಕೇಳಿದೆ. ಹುಡುಗಿ ಅಷ್ಟೆಲ್ಲ ಕಷ್ಟಪಟ್ಟು ಒಬ್ಬಳೇ ತುದಿ ಮುಟ್ಟಿ ನಿಲ್ಲುತ್ತಾಳಲ್ಲ, ಅದು ಮನಸ್ಸಿಗೆ ತಟ್ಟಿತು. ಅದಕ್ಕೇ ಚಿತ್ರದಲ್ಲೂ ಅವಳ ಮುಖದ ಮೇಲೆ ಆ ಧೈರ್ಯ ತಂದಿದ್ದೇನೆ.

ಅಣ್ಣ

*

ಜೂನ್ 21

ಅಣ್ಣನಿಗೆ,

ಮೂರನೆಯದು ತುಂಬಾ ಚೆನ್ನಾಗಿದೆ, ನಿನ್ನ ಕೈಯ ಬಗ್ಗೆ ಮಾತಿಲ್ಲ. ಆದರೆ ಏಣಿಯನ್ನು ಕತ್ತರಿಸಬೇಡ. ಎರಡೂ ತುದಿ ಕಾಣಬೇಕು. ಮುಖ ಬೇಕಿಲ್ಲ. ಆಟದಲ್ಲಿ ಆ ಮಗುವಿನ ಮುಖ ಎಲ್ಲಿಯೂ ಕಾಣುವುದಿಲ್ಲ, ಬೆನ್ನೇ ಕಾಣುವುದು. ಕವರ್‌ನಲ್ಲಿ ತೋರಿಸಿದ್ದು ಒಳಗೆ ಸಿಗದಿದ್ದರೆ ಆಡುವವರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಅಪ್ಪನ ಏಣಿ ನೆನಪಿದೆಯಾ? ಕೆಲಸ ಮುಗಿದ ಮೇಲೆ ಅಪ್ಪ ಬಣ್ಣದ ಡಬ್ಬಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಮುಂದೆ ಹೋಗಿಬಿಡುತ್ತಿದ್ದರು. ಏಣಿ ನಮ್ಮಿಬ್ಬರ ಪಾಲಿಗೆ. ನೀನು ಮುಂದೆ, ನಾನು ಹಿಂದೆ. ಮುಂದಿನವರಿಗೆ ಹಿಂದೆ ಕಾಣುವುದಿಲ್ಲ, ಅದಕ್ಕೆ "ಹಿಡ್ಕೊಂಡ್ಯಾ?" ಎಂದು ಕೇಳಬೇಕು. ಹಿಂದಿನವರು "ಹಿಡ್ಕೊಂಡೆ, ಎತ್ತು" ಎನ್ನುವವರೆಗೆ ಎತ್ತಬಾರದು. ನೀನು ಕೇಳುತ್ತಿದ್ದೆ, ಉತ್ತರಕ್ಕೆ ಮಾತ್ರ ಕಾಯುತ್ತಿರಲಿಲ್ಲ. ನನ್ನ ಮೊಣಕಾಲಿನ ಮೇಲಿನ ಗುರುತಿಗೆ ನಿನ್ನ ಆತುರವೇ ಕಾರಣ ಮಹಾರಾಯ.

ಒಬ್ಬಳೇ ತುದಿ ಮುಟ್ಟುತ್ತಾಳೆ ಅಂದೆಯಲ್ಲ. ಸರಿ.

ಅತ್ತಿಗೆಯ ಆಯ್ಕೆಗೆ ವಿರುದ್ಧ ಹೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ತಂಗಿ

*

ಜುಲೈ 2

ಮೊಳೆಗೆ,

ನಿನಗೆ ಹೆಸರಿಟ್ಟ ಅಪ್ಪನ ಕಾಲಿಗೆ ಬೀಳಬೇಕು. ಒಮ್ಮೆ ಗೋಡೆಗೆ ಹೊಕ್ಕರೆ ಕಿತ್ತರೂ ಬರುವುದಿಲ್ಲ.

ಎರಡೂ ತುದಿ ಬೇಕು, ಮುಖ ಬೇಡ. ಎರಡೂ ತುದಿ ಕಾಣಬೇಕೆಂದರೆ ಹುಡುಗಿ ಚಿಕ್ಕವಳಾಗಬೇಕು. ಹುಡುಗಿ ಚಿಕ್ಕವಳಾದರೆ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಇದನ್ನು ಹತ್ತು ಸಲ ಹೇಳಿದರೂ ನಿನ್ನ ಪಟ್ಟು ನಿನಗೆ. ಇರಲಿ, ಗೇಮ್ ನಿನ್ನದು. ಹುಡುಗಿ ಬೆನ್ನು ತಿರುಗಿಸಿ ನಡೆಯುತ್ತಿದ್ದಾಳೆ. ಏಣಿ ಅವಳ ಹಿಂದೆ ನೆಲದ ಮೇಲೆ ಓರೆಯಾಗಿ ಉದ್ದಕ್ಕೂ ಮಲಗಿದೆ, ಅವಳು ಎಳೆಯುತ್ತಿದ್ದಾಳೆ. ಎರಡೂ ತುದಿ ಇವೆ, ಬೇಕಾದರೆ ಎಣಿಸಿಕೋ.

ಪರೀಕ್ಷೆಯೂ ಆಯಿತು. ನಿನ್ನ ಅತ್ತಿಗೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಮುಚ್ಚಿದೆ. "ಏಣಿ. ಯಾರೋ ಎಳ್ಕೊಂಡ್ ಹೋಗ್ತಿದಾರೆ" ಅಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಇದನ್ನೇ ಹಾಕು.

ಅಣ್ಣ

*

ಜುಲೈ 16

ಅಣ್ಣನಿಗೆ,

ಸ್ಟೋರ್‌ನಲ್ಲಿ "ಶೀಘ್ರದಲ್ಲೇ ಬರಲಿದೆ" ಎಂಬ ಸಾಲಿನಲ್ಲಿ ನಮ್ಮ ಪುಟ ಹಾಕಿ ಹತ್ತು ದಿನವಾಯಿತು. ಬೆರಳುಗಳು ನಿಲ್ಲುತ್ತಿಲ್ಲ. ನಿಂತ ಕೆಲವರಲ್ಲಿ ಒಬ್ಬರು ಕೇಳಿದ್ದಾರೆ: "ಇದರಲ್ಲಿ ಎಂಜಿನ್ ಓಡಿಸಬಹುದಾ, ಬರೀ ಹಳಿ ಮೇಲೆ ನಡೆಯೋದಾ?" ಇನ್ನೊಬ್ಬರು, "ರೈಲು ಯಾವಾಗ ಬರುತ್ತೆ?" ಎಂದಿದ್ದಾರೆ.

ಮೊದಲು ನಕ್ಕೆ. ಆಮೇಲೆ ಕೆಳಗಿಳಿದು ಹೋಗಿ ಲಾಂಡ್ರಿಯಾಕೆಗೆ ಫೋನಿನಲ್ಲಿ ತೋರಿಸಿ ಮುಚ್ಚಿದೆ. "ರೈಲು ಹಳಿ ಮೇಲೆ ಮಗು ಬಿಟ್ಟಿದೀರಲ್ಲ, ಯಾರಾದ್ರೂ ನೋಡ್ಕೋಬಾರ್ದಾ?" ಎಂದು ನನಗೇ ಬೈದರು. ಗೋದಾಮಿನಲ್ಲಿ ಎದುರಿಗೆ ಕೂರುವವರಿಗೆ ತೋರಿಸಿದೆ. ಅವರೂ ರೈಲು ಹಳಿ ಅಂದರು. ಏಣಿ ಎಂದವರು ಒಬ್ಬರೂ ಇಲ್ಲ.

ಅಣ್ಣ, ನೀನು ಈ ಚಿತ್ರವನ್ನು ಯಾರಿಗೆ ತೋರಿಸಿದೆ?

ತಂಗಿ

*

ಆಗಸ್ಟ್ 5

ಅಣ್ಣನಿಗೆ,

ನೀನು ಉತ್ತರ ಬರೆಯಲಿಲ್ಲ. ಫೋನ್ ಮಾಡಿದರೆ "ಊಟ ಆಯ್ತು" ಅಂದೆ. ಹಾಗಾದರೆ ನಾನೇ ಬರೆಯುತ್ತೇನೆ.

ಅತ್ತಿಗೆ ಜನವರಿಯಲ್ಲೇ ನನಗೆ ಫೋನ್ ಮಾಡಿದ್ದರು. "ನಾನು ಬೇರೆ ಮನೆ ಮಾಡ್ಕೊಂಡಿದೀನಿ. ನಿಮ್ಮಣ್ಣಂಗೆ ನೀನಾಗಿ ಏನೂ ಕೇಳ್ಬೇಡ, ಅವ್ರೇ ಹೇಳ್ಲಿ" ಅಂದರು. ಅಂದಿನಿಂದ ನೀನು ಹೇಳುತ್ತೀಯ ಎಂದು ಕಾಯುತ್ತಿದ್ದೇನೆ. ನೀನು ಹೇಳಲಿಲ್ಲ. ಜೂನ್‌ನಲ್ಲಿ ನಿನ್ನ ಪತ್ರದಲ್ಲಿ ಅತ್ತಿಗೆ "ಸಂತೆ ಇದ್ದ ಹಾಗಿದೆ" ಎಂದದ್ದು ಓದಿದಾಗ ಇಬ್ಬರೂ ಮತ್ತೆ ಒಂದಾಗಿದ್ದೀರಿ ಎಂದುಕೊಂಡು ಎಷ್ಟು ಸಂತೋಷಪಟ್ಟೆ ಗೊತ್ತಾ? ಮರುದಿನವೇ ಅವರಿಗೆ ಫೋನ್ ಮಾಡಿದೆ. ಅವರು ಯಾವ ಚಿತ್ರವನ್ನೂ ನೋಡಿರಲಿಲ್ಲ.

ನನಗೆ ಕೋಪವಿಲ್ಲ. ಗೊತ್ತಿದ್ದೂ ಸುಮ್ಮನಿದ್ದು, ನಿನ್ನ ಜೊತೆ ನಾನೂ ಆ ನಾಟಕ ಆಡಿದೆ. ನೀನು ಅವರ ಬಾಯಲ್ಲಿ ಆಡಿಸಿದ ಮಾತುಗಳೆಲ್ಲ ಅವರೇ ಆಡಿದ ಹಾಗಿದ್ದವು, "ಯಾವ ಎಣ್ಣೆ ಜಾಹೀರಾತು" ಎನ್ನುವುದಂತೂ ಅಚ್ಚು ಅವರದೇ. ಅದನ್ನು ಓದಿ ಅಳು ಬಂತು.

ಕವರ್ ಕೇಳಿದ್ದು ನೆಪ ಎಂದುಕೊಳ್ಳಬೇಡ. ಕವರ್ ನನಗೆ ನಿಜವಾಗಿ ಬೇಕು, ಬಿಡುಗಡೆಯ ದಿನ ಹತ್ತಿರ ಬರುತ್ತಿದೆ, ರೈಲು ಕೇಳಿಕೊಂಡು ಬಂದವರಿಗೆ ನಾನು ಏಣಿ ಮಾರಲಾರೆ. ಆದರೆ ಕವರ್‌ಗಿಂತ ಮೊದಲು ನೀನು ಆಟ ಮುಗಿಸಬೇಕಿತ್ತು. ನೀನು ಮುಗಿಸಿಲ್ಲ. ಮುಗಿಸಿದ್ದರೆ "ಒಬ್ಬಳೇ" ಎಂದು ಬರೆಯುತ್ತಿರಲಿಲ್ಲ.

ತಂಗಿ

*

ಆಗಸ್ಟ್ 14

ಮೊಳೆ,

ನಿನ್ನ ಪತ್ರವನ್ನು ಓದಿ, ಮುಚ್ಚಿ, ಬಟ್ಟೆ ಒಗೆದೆ. ಮತ್ತೆ ಓದಿದೆ. ಒಗೆಯಲು ಬಟ್ಟೆ ಉಳಿದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಜಗಳ ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಅಷ್ಟಾದರೂ ಮಾತಾಡಿರುತ್ತಿದ್ದೆವು. "ನಿಮ್ ಜೊತೆ ಇದ್ರೂ ಒಬ್ಳೇ ಇದ್ದ ಹಾಗೇ ಇರತ್ತೆ" ಅಂದಳು. ನಾನು ಉತ್ತರ ಯೋಚಿಸುತ್ತಿದ್ದೆ. ಯೋಚಿಸುವಷ್ಟರಲ್ಲಿ ಅವಳ ಸಾಮಾನು ಕಟ್ಟಿಯಾಗಿತ್ತು. ಲೇಬಲ್ ಕಂಪನಿಯವರು ಈಗ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದಾರೆ. ಹಾಗಾಗಿ ಮನೆಯಿಂದ ಹೊರಡುವ ಕಾರಣವೂ ಇಲ್ಲ. ಹಾಲಿನ ಪ್ಯಾಕೆಟ್ ಬಾಗಿಲಿಗೆ ಬರುತ್ತದೆ, ಕೆಲಸ ಕಂಪ್ಯೂಟರಿಗೆ ಬರುತ್ತದೆ. ಮೊನ್ನೆ ಯಾರೋ ತಪ್ಪು ಮನೆಗೆ ಬೆಲ್ ಮಾಡಿದರು. "ಇಲ್ಲ, ಪಕ್ಕದ್ದು" ಎನ್ನಲು ಹೋದರೆ ಗಂಟಲಿನಿಂದ ಸದ್ದೇ ಹೊರಡಲಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕಾಯಿತು.

ಪರೀಕ್ಷೆ ಹೇಗೆ ಮಾಡಿದೆ ಎಂದರೆ ನಗುತ್ತೀಯ. ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಚಪ್ಪಲಿ ಹಾಕಿಕೊಂಡು, ಮನೆಗೆ ಬೀಗ ಹಾಕಿ ಕೆಳಗೆ ಗೇಟಿನವರೆಗೆ ಹೋಗುತ್ತಿದ್ದೆ. ಅಲ್ಲಿ ಬೇರೇನಾದರೂ ಯೋಚಿಸುತ್ತಾ ನಿಂತು, ಮೇಲೆ ಬಂದು ಫಕ್ಕನೆ ಬಾಗಿಲು ತೆಗೆದು ಯಾರದೋ ಮನೆಗೆ ಬಂದವನ ಹಾಗೆ ನೋಡುತ್ತಿದ್ದೆ. "ಏನ್ ಕಾಣಿಸ್ತು?" ಎಂದು ನಾನೇ ಕೇಳಿ, ಅವಳಾಗಿದ್ದರೆ ಏನನ್ನುತ್ತಿದ್ದಳು ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ನಾನೇ ಬರೆದ ಏಣಿ ನನಗೆ ಏಣಿಯಾಗಿ ಕಾಣದೆ ಇನ್ನೇನಾಗಿ ಕಂಡೀತು? ಬರೆದವನು ನೋಡಿದರೆ ಬೆಲೆಯಿಲ್ಲ ಎಂದು ನಿನಗೆ ಪಾಠ ಹೇಳಿದವನೂ ನಾನೇ. ನಿನಗೆ ನಷ್ಟ ಮಾಡಿದೆ, ನಾಚಿಕೆಯಾಗುತ್ತದೆ.

ಆಟವನ್ನು ಮೂರನೆಯ ಕಟ್ಟೆಗೇ ಬಿಟ್ಟಿದ್ದೆ. ಅಷ್ಟು ದೊಡ್ಡ ಏಣಿಯನ್ನು ಆ ಹುಡುಗಿ ಒಬ್ಬಳೇ ಎಳೆಯುತ್ತಾ ಹೋಗುವುದನ್ನು ನೋಡಲು ನನಗೆ ಆಗಲಿಲ್ಲ. ನೀನು ಅಲ್ಲಿ ಒಬ್ಬಳೇ ಕಷ್ಟಪಡುತ್ತಿರುವುದನ್ನೇ ಗೇಮ್ ಮಾಡಿದ್ದೀಯ ಅನ್ನಿಸಿತು. ಈ ವಾರ ಕೂತು ಆಡಿದೆ. ಕೊನೆಯ ಕಟ್ಟೆಗೆ ಬಂದೆ. ಆದರೆ ಅಲ್ಲಿ ನಿನ್ನ ಗೇಮ್ ಕೆಟ್ಟಿದೆ. ಏಣಿಯನ್ನು ಎಳೆಯಲು ಬರುವುದಿಲ್ಲ. ಹಿಂದಿನ ತುದಿ ಎಲ್ಲೋ ಸಿಕ್ಕಿಕೊಂಡು ಅಲ್ಲಾಡುವುದೇ ಇಲ್ಲ. ಎಲ್ಲ ಬಟನ್ ಒತ್ತಿದೆ, ಕೀಬೋರ್ಡಿಗೆ ಗುದ್ದಿಯೂ ಆಯಿತು. ಬಿಡುಗಡೆಗೆ ಮೊದಲು ರಿಪೇರಿ ಮಾಡು, ಇಲ್ಲದಿದ್ದರೆ ಜನ ಬೈಯುತ್ತಾರೆ.

ಅಣ್ಣ

*

ಆಗಸ್ಟ್ 14

ಅಣ್ಣ,

ಅದು ಕೆಟ್ಟಿಲ್ಲ.

ಅಪ್ಪನ ಏಣಿ ಎತ್ತುವಾಗ ಮುಂದೆ ನಿಂತವರು ಮೊದಲು ಏನು ಮಾಡಬೇಕಿತ್ತು, ಅದನ್ನು ಮಾಡು.

ತಂಗಿ

*

ಆಗಸ್ಟ್ 31

ಪ್ರೀತಿಯ ಮೊಳೆ,

ಎರಡು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ. ಒಗಟು ಹೇಳಲು ಇವಳಿಗೆ ಇದೇ ಸಮಯವಾ ಅನ್ನಿಸಿತು. ಮತ್ತೆ ಅದೇ ಕಟ್ಟೆಗೆ ಹೋಗಿ ಎಳೆದೆ, ಒತ್ತಿದೆ. ಊಹೂಂ. ಬೇಸತ್ತು ಕೀಬೋರ್ಡ್ ಬಿಟ್ಟು ಹಾಲು ಕಾಯಿಸಲು ಹೋದೆ. ಲೋಟ ಹಿಡಿದು ವಾಪಸ್ ಬಂದರೆ, ಸ್ಕ್ರೀನಿನಲ್ಲಿ ಏಣಿಯ ಹಿಂದಿನ ತುದಿ ನೆಲದಿಂದ ಎದ್ದಿದೆ. ಯಾರೂ ಏನೂ ಒತ್ತಿಲ್ಲ, ಎಳೆಯದೆ ಕಾದದ್ದಷ್ಟೇ. ಅಲ್ಲಿ ಎರಡು ಜಡೆಯ ಒಂದು ಹುಡುಗಿ ಏಣಿ ಹಿಡಿದು ನಿಂತಿದ್ದಾಳೆ, ಮೊಣಕಾಲಿಗೆ ಪಟ್ಟಿ.

ಆಗ ತಿಳಿಯಿತು. ನಾನು ಇಷ್ಟು ದಿನ ಹುಡುಗಿ ಹುಡುಗಿ ಎಂದು ಬರೆದೆನಲ್ಲ, ಆ ಬೆನ್ನು ನಿನ್ನದಲ್ಲ. ಅದು ನನ್ನದು. ಹಿಂದೆ ನಡೆಯುತ್ತಿದ್ದ ನಿನಗೆ ಯಾವಾಗಲೂ ಕಾಣುತ್ತಿದ್ದದ್ದು ಅಪ್ಪನ ಹಳೆಯ ಅಂಗಿ ತೊಟ್ಟ ನನ್ನ ಬೆನ್ನು ಮಾತ್ರ. ಇಷ್ಟು ವರ್ಷ ನೀನು ಬರೆಯುತ್ತಾ ಕೂತದ್ದು ಅದನ್ನು.

ನಾನು ಅತ್ತೆ ಮೊಳೆ. ಲೋಟ ಹಿಡಿದುಕೊಂಡೇ ಅತ್ತೆ. ಆಮೇಲೆ ಇಬ್ಬರೂ ಏಣಿ ಎತ್ತಿಕೊಂಡು ಆ ಕೊನೆಯ ಗೋಡೆಯವರೆಗೆ ನಡೆದೆವು. ಹಗುರವಾಗಿತ್ತು.

ಹೊಸ ಕವರ್ ಜೊತೆಗಿದೆ. ಹಳದಿ ಹಾಗೇ ಉಳಿಸಿದ್ದೇನೆ. ಅಂಗಿ ತೊಟ್ಟ ಬೆನ್ನು ಒಂದು ಕಡೆಗೆ. ಏಣಿ ಈಗ ನೆಲದ ಮೇಲಿಲ್ಲ, ಸೊಂಟದೆತ್ತರಕ್ಕೆ ಮಟ್ಟವಾಗಿ ಎದ್ದಿದೆ, ಕೆಳಗೆ ನೆಲದಲ್ಲಿ ಅದರ ನೆರಳು ಬೇರೆಯಾಗಿ ಬಿದ್ದಿದೆ. ಆ ನೆರಳಿನಿಂದಾಗಿ ಅದು ಹಳಿಯಾಗುವುದು ತಪ್ಪಿತು. ಮೆಟ್ಟಿಲುಗಳನ್ನೂ ಕಡಿಮೆ ಮಾಡಿ ದಪ್ಪ ಮಾಡಿದ್ದೇನೆ, ಬಾಚಣಿಗೆಯೂ ಆಗುವುದಿಲ್ಲ. ಎರಡೂ ತುದಿ ಕಾಣುತ್ತವೆ. ಹಿಂದಿನ ತುದಿಯಲ್ಲಿ ಯಾರನ್ನೂ ಬರೆದಿಲ್ಲ. ಅಲ್ಲಿ ಯಾರಿದ್ದಾರೆಂದು ಕವರ್ ಹೇಳಬಾರದು. ಆದರೆ ಆ ತುದಿಯೂ ನೆಲ ಬಿಟ್ಟು ಎದ್ದಿದೆ.

ಈ ಸಲ ಪರೀಕ್ಷೆಗೆ ಫ್ರಿಜ್ಜು ಬಳಸಲಿಲ್ಲ. ಪ್ರಿಂಟ್ ಜೇಬಿನಲ್ಲಿಟ್ಟುಕೊಂಡು ಬೀದಿಗೆ ಹೋದೆ. ಮೊದಲ ಅರ್ಧ ಗಂಟೆ ಯಾರನ್ನೂ ಕೇಳಲಾಗದೆ ಬಸ್ ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದೆ. ಕೊನೆಗೆ ಹಣ್ಣಿನಂಗಡಿಯವನಿಗೆ ತೋರಿಸಿ ಮುಚ್ಚಿದೆ. "ಏಣಿ ಅಲ್ವಾ? ಆ ಕಡೆ ಯಾರು ಹಿಡ್ಕೊಂಡಿರೋದು?" ಅಂದ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಟೀಚರ್ ಎರಡು ಸಲ ತೋರಿಸಿ ಎಂದು ಕೇಳಿದರು. "ಬೀಳ್ದೆ ಹೇಗೆ ನಿಂತಿದೆ ಅದು?" ಅಂದರು. ಚಪ್ಪಲಿ ರಿಪೇರಿಯವರು ಕನ್ನಡಕ ಹಾಕಿಕೊಂಡು, "ಇನ್ನೊಬ್ಬರನ್ನ ಬರೆಯೋದು ಮರ್ತಿದೀರಿ" ಎಂದು ತಿದ್ದಿದರು. ಅವರ ಜೊತೆ ಟೀ ಕುಡಿದು ಬಂದೆ. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಹುಟ್ಟಿದರೆ ಬೆರಳು ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ನಾನು ಬರೆದ ಒಳ್ಳೆಯ ಕವರ್ ಇದು.

ಒಂದು ಪ್ರಿಂಟನ್ನು ನಿನ್ನ ಅತ್ತಿಗೆಗೂ ಕಳಿಸಿದೆ. ನಿಜವಾಗಿ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಬಾರದಿದ್ದರೂ ಅವಳ ಉತ್ತರವನ್ನು ನಾನೇ ಹೇಳಿಕೊಳ್ಳುವುದಿಲ್ಲ.

ಅಣ್ಣ

*

ಸೆಪ್ಟೆಂಬರ್ 18

ಅಣ್ಣನಿಗೆ,

ಕವರ್ ಬದಲಿಸಿದ ಮೇಲೆ ರೈಲಿನವರು ಕಾಣೆಯಾದರು. ಪುಟದ ಕೆಳಗೆ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿರುವುದು ಒಂದೇ ಪ್ರಶ್ನೆ: ಆ ಕಡೆ ಯಾರು? ಲಾಂಡ್ರಿಯಾಕೆ ನೋಡಿ, "ಈಗ ಪರವಾಗಿಲ್ಲ, ಮಗೂಗೆ ಯಾರೋ ಜೊತೆ ಇದಾರೆ" ಅಂದರು.

ಇವತ್ತು ಬಿಡುಗಡೆ. ಗೋದಾಮಿಗೆ ರಜೆ ಹಾಕಿದ್ದೇನೆ. ಎಲ್ಲ ಸಿದ್ಧವಾಗಿದೆ, ಒಂದು ಹಸಿರು ಬಟನ್ ಒತ್ತಿದರೆ ಗೇಮ್ ಅಂಗಡಿಗೆ ಹೋಗುತ್ತದೆ. ಬೆಳಿಗ್ಗೆಯಿಂದ ಅದರ ಮುಂದೆ ಕೂತಿದ್ದೇನೆ. ಒತ್ತಲು ಆಗುತ್ತಿಲ್ಲ.

ನೀನು ನಿನ್ನ ಮನೆಯ ವಿಷಯ ಬರೆಯಲಿಲ್ಲ ಎಂದು ದೂರಿದೆ, ನಾನೂ ಬರೆಯಲಿಲ್ಲ. ಜೂನ್‌ನಲ್ಲಿ "ಚೆನ್ನಾಗಿದ್ದೇನೆ" ಎಂದು ಬರೆದೆನಲ್ಲ, ಅದೂ ನೀನು ಅತ್ತಿಗೆಯ ಬಾಯಲ್ಲಿ ಆಡಿಸಿದ ಮಾತುಗಳಂಥದ್ದೇ. ಈ ರೂಮಿನಲ್ಲಿ ಒಂದೇ ಕುರ್ಚಿ ಇದೆ. ಎರಡನೆಯದನ್ನು ಕೊಳ್ಳುವ ಪ್ರಸಂಗವೇ ಬರಲಿಲ್ಲ. ಗೇಮ್ ಇರುವವರೆಗೆ "ಕೆಲಸವಿದೆ, ಅದಕ್ಕೇ ಯಾರೂ ಇಲ್ಲ" ಎಂದು ಹೇಳಿಕೊಳ್ಳಬಹುದಿತ್ತು. ಬಟನ್ ಒತ್ತಿದ ಮೇಲೆ ಆ ನೆವವೂ ಹೋಗುತ್ತದೆ. ಗೆದ್ದರೆ ಹೇಳಲು ಇಲ್ಲಿ ಯಾರೂ ಇಲ್ಲ, ಸೋತರೂ ಇಲ್ಲ. ಭಯವಾಗುತ್ತಿದೆ ಅಣ್ಣ.

ನಾನು ಯಾವಾಗಲೂ ಹಿಂದೆ ಇದ್ದವಳು. ಮುಂದೆ ನಿಂತವರಿಗೆ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ ಎನ್ನುವುದು ಇವತ್ತು ಗೊತ್ತಾಗುತ್ತಿದೆ. ನೀನು ಆಗ ಯಾಕೆ ಅಷ್ಟು ಅವಸರ ಮಾಡುತ್ತಿದ್ದೆ ಎನ್ನುವುದೂ ಗೊತ್ತಾಗುತ್ತಿದೆ. ನಿಂತು ಕಾಯುವುದು ಬಹಳ ಕಷ್ಟ.

ಆದರೂ ಕಾಯುತ್ತೇನೆ. ಹಿಡ್ಕೊಂಡ್ಯಾ?

ತಂಗಿ

*

ಸೆಪ್ಟೆಂಬರ್ 18

ಹಿಡ್ಕೊಂಡೆ. ಎತ್ತು.